ದೂರಿನ ಪೆಟ್ಟಿಗೆ ಮತ್ತು ಅದರ ಬೀಗದ ಕೈ

ನಮ್ಮ ಸಂಘದ ವಾಚನಾಲಯದ ಮೂಲೆಯ ಮೇಜಿನ ಮೇಲೆ, ದಾರದಿಂದ ಕಟ್ಟಿದ ಪೆನ್ನಿನ ಜೊತೆಗೆ, ದಪ್ಪ ರಟ್ಟಿನ ಒಂದು ಪುಸ್ತಕವಿರುವುದು ವಾಚಕರಲ್ಲಿ ಅನೇಕರಿಗೆ ಗೊತ್ತಿದೆ. ಅದರ ಮೇಲೆ 'ಸಲಹೆ-ಸೂಚನೆಗಳು' ಎಂದು ಬರೆದಿದ್ದರೂ ಒಳಗೆ ಸಲಹೆ ಕಡಿಮೆ, ಅಳಲೇ ಹೆಚ್ಚು. ಮನೆ ಬಾಡಿಗೆ ಏರಿದ್ದು, ಟ್ಯಾಂಕರ್ ನೀರಿಗಾಗಿ ಬೆಳಗಿನ ಜಾವ ಕೊಡ ಹಿಡಿದು ನಿಂತದ್ದು, ಹಬ್ಬಕ್ಕೆ ಊರಿಗೆ ಹೋಗಲು ರಿಸರ್ವೇಶನ್ ಸಿಗದೆ ಹೋದದ್ದು, ವರ್ಗಾವಣೆಯ ಚಿಂತೆ, ಊರಿನಲ್ಲಿ ಒಂಟಿಯಾಗಿ ಉಳಿದ ತಾಯಿಯ ನೆನಪು, ಹೀಗೆ ಎಲ್ಲವೂ ಅಲ್ಲಿಗೆ ಬಂದು ಬೀಳುತ್ತವೆ. ಪ್ರತಿಯೊಬ್ಬರ ಕೈಯಲ್ಲೂ ಮೊಬೈಲ್ ಇರುವ ಈ ಕಾಲದಲ್ಲೂ ಜನ ಅದರಲ್ಲಿ ಬರೆಯುತ್ತಾರೆ. ಪರಸ್ಥಳದಲ್ಲಿ ಕನ್ನಡದಲ್ಲಿ ನಿಟ್ಟುಸಿರು ಬಿಡಲು ಒಂದು ಜಾಗ ಬೇಕಲ್ಲವೇ?

ಕಳೆದ ವರ್ಷ ಈ ಪುಸ್ತಕದ ಮೂರು ಬರಹಗಳು ಕಾರ್ಯಕಾರಿ ಸಮಿತಿಯ ನಿದ್ದೆ ಕೆಡಿಸಿದವು. ಮೊದಲನೆಯದು, ಸದಸ್ಯರೊಬ್ಬರ ಮಗಳ ಮದುವೆಯ ಬಗ್ಗೆ, ಮನೆಯ ಗುರುತು ತಿಳಿಯುವಂತೆ, ಯಾರೋ ಹೆಸರು ಹಾಕದೆ ಬರೆದ ನಾಲ್ಕು ಹೊಲಸು ಸಾಲು. ಆ ಕುಟುಂಬ ಅಂದಿನಿಂದ ಸಂಘದ ಕಡೆ ತಲೆ ಹಾಕಿಲ್ಲ. ಎರಡನೆಯದು, ರಾಜ್ಯೋತ್ಸವದ ಶಾಮಿಯಾನದ ಖರ್ಚು ಎರಡು ಸಲ ಬರೆದಂತಿದೆಯಲ್ಲ ಎಂದು ಕೇಳಿದ ಒಂದು ಪ್ರಶ್ನೆ. ಅದಕ್ಕೂ ಸಹಿ ಇರಲಿಲ್ಲ. ಮೂರನೆಯದು, ನಡುಗುವ ಕೈಯಲ್ಲಿ ಬರೆದ ಒಂದೇ ವಾಕ್ಯ: ತಮ್ಮ ಮನೆಯಲ್ಲಿ ತಮ್ಮೊಡನೆ ಕನ್ನಡದಲ್ಲಿ ಮಾತನಾಡುವವರು ಈಗ ಯಾರೂ ಉಳಿದಿಲ್ಲ ಎಂಬುದು. ಅದೂ ಹೆಸರಿಲ್ಲದ್ದೇ.

ಸಮಿತಿಯಲ್ಲಿ ಮೂರು ಪಕ್ಷಗಳಾದವು. ಸಹಿಯಿಲ್ಲದ ಬರಹವನ್ನೆಲ್ಲ ಹರಿದುಹಾಕಬೇಕೆಂದರು ಕೆಲವರು. ಪುಸ್ತಕವನ್ನೇ ತೆಗೆದು ಬೀರುವಿನಲ್ಲಿಡಿ ಎಂದರು ಇನ್ನು ಕೆಲವರು. ಏನನ್ನೂ ಮುಟ್ಟಬೇಡಿ, ಮಡಕೆಯ ಬಾಯಿ ಮುಚ್ಚಬಹುದು, ಜನರ ಬಾಯಿ ಮುಚ್ಚಲಾದೀತೇ ಎಂದರು ಹಿರಿಯರೊಬ್ಬರು. ಕೊನೆಗೆ ಒಂದು ನಿಯಮಾವಳಿಯ ಕರಡು ಸಿದ್ಧಪಡಿಸುವ ಕೆಲಸ ನಮ್ಮ ಕೊರಳಿಗೆ ಬಿತ್ತು. ಕೇಂದ್ರ ಸರ್ಕಾರದ ಗುಮಾಸ್ತರು, ಕರಡು ಬರೆಯುವುದು ಇವರಿಗೆ ಅಭ್ಯಾಸ ಎಂಬುದೊಂದೇ ಕಾರಣ. ನಾವು ಓದಿದ್ದು ಬಿ.ಎಸ್ಸಿ. ಇತಿಹಾಸ ನಮ್ಮ ಹವ್ಯಾಸವಷ್ಟೇ. ಆದರೂ ಈ ತೊಡಕು ನಮಗಿಂತ ಮುಂಚೆ ಯಾರಿಗಾದರೂ ಬಂದಿತ್ತೇ, ಅವರೇನು ಮಾಡಿದರು ಎಂದು ಹುಡುಕಿದೆವು. ಸಿಕ್ಕಿದ್ದನ್ನು ವಾಚಕರ ಮುಂದೆ ಇಡುತ್ತಿದ್ದೇವೆ.

ರೋಮಿನ ಮಾತನಾಡುವ ಕಲ್ಲು

ಇಟಲಿಯ ರೋಮ್ ನಗರದಲ್ಲಿ ಪಾಸ್ಕಿನೋ ಎಂಬ ಹೆಸರಿನ ಒಂದು ಮುರುಕು ಶಿಲಾವಿಗ್ರಹವಿದೆ. ಕೈಯಿಲ್ಲ, ಮೂಗಿಲ್ಲ. 1501ರಲ್ಲಿ ಕಾರ್ಡಿನಲ್ ಒಲಿವಿಯೆರೊ ಕರಾಫಾ ಎಂಬುವರು ಅದನ್ನು ಬೀದಿಯ ಮೂಲೆಯಲ್ಲಿ ನಿಲ್ಲಿಸಿದರು. ಮೊದಮೊದಲು ವರ್ಷಕ್ಕೊಮ್ಮೆ ಹಬ್ಬದ ದಿನ ಪಂಡಿತರು ಅದಕ್ಕೆ ಲ್ಯಾಟಿನ್ ಪದ್ಯಗಳನ್ನು ಅಂಟಿಸುತ್ತಿದ್ದರು. ಬರಬರುತ್ತ ಊರಿನ ಜನ ರಾತ್ರಿಯ ಹೊತ್ತಿನಲ್ಲಿ ಬಂದು ಪೋಪರನ್ನೂ ಅಧಿಕಾರಿಗಳನ್ನೂ ಹಳಿಯುವ ಚೀಟಿಗಳನ್ನು ಅಂಟಿಸತೊಡಗಿದರು. ಬರೆದವರು ಯಾರೆಂದು ಗೊತ್ತಿಲ್ಲ. 'ಪಾಸ್ಕಿನೋ ಹೇಳಿದ' ಎಂದುಬಿಟ್ಟರೆ ಮುಗಿಯಿತು.

1522ರಲ್ಲಿ ಪಟ್ಟಕ್ಕೆ ಬಂದ ಆರನೆಯ ಏಡ್ರಿಯನ್ ಪೋಪರು ಈ ವಿಗ್ರಹವನ್ನು ಟೈಬರ್ ನದಿಗೆ ಎಸೆಯಿಸಲು ಹೊರಟಿದ್ದರಂತೆ. ಆಗ ಸಮೀಪವರ್ತಿಗಳು, ನೀರಿಗೆ ಹಾಕಿದರೆ ಅದು ಕಪ್ಪೆಯಾಗಿ ಹಗಲಿರುಳೂ ವಟಗುಟ್ಟೀತು ಎಂದು ತಡೆದರೆಂಬ ಕಥೆಯಿದೆ. ಕಥೆ ನಿಜವೋ ಅಲ್ಲವೋ, ವಿಗ್ರಹವಂತೂ ಉಳಿಯಿತು. ಐದು ಶತಮಾನ ಕಳೆದ ಮೇಲೂ ಜನ ಅಲ್ಲಿ ಚೀಟಿ ಅಂಟಿಸುತ್ತಾರೆ.

ಅಡ್ಡಿ-ಆತಂಕವಿಲ್ಲದೆ ಬಿಟ್ಟುಬಿಡಿ ಎನ್ನುವವರಿಗೆ ಇದು ಒಳ್ಳೆಯ ನಿದರ್ಶನ. ಆದರೆ ಒಂದು ಕೊರತೆಯುಂಟು. ಪಾಸ್ಕಿನೋಗೆ ಬಾಯಿ ಇತ್ತು, ಕಿವಿ ಇರಲಿಲ್ಲ. ಚೀಟಿಯನ್ನು ಓದಿ ಜನ ನಕ್ಕರು, ಕಾವಲುಗಾರರು ಕಿತ್ತರು. ಉತ್ತರ ಕೊಡುವ ಹೊಣೆ ಯಾರದೂ ಆಗಿರಲಿಲ್ಲ.

ಮನಸ್ಸಿನ ಸಂಕಟವನ್ನು ಕುಕ್ಕರಿನ ಉಗಿಗೆ ಹೋಲಿಸುವುದುಂಟು. ಕುಕ್ಕರಿನ ಮೂಲಪುರುಷನೆನ್ನಬಹುದಾದ ಪಾತ್ರೆಯನ್ನು 1679ರಲ್ಲಿ ಡೆನಿಸ್ ಪಾಪಿನ್ ಎಂಬ ಫ್ರೆಂಚ್ ವಿಜ್ಞಾನಿ ಲಂಡನ್ನಿನಲ್ಲಿ ಮಾಡಿ ತೋರಿಸಿದನು. ಅದು ಸಿಡಿಯದಿರಲೆಂದು ತೂಕವಿಟ್ಟ ಒಂದು ಕವಾಟವನ್ನೂ ಅವನೇ ಅಳವಡಿಸಿದನು. ಉಗಿ ಹೊರಗೆ ಹೋದರೆ ಪಾತ್ರೆ ಸುರಕ್ಷಿತ. ಆದರೆ ಉಗಿ ಯಾರಿಂದಲೂ ಮರುಮಾತನ್ನು ನಿರೀಕ್ಷಿಸುವುದಿಲ್ಲ, ಮನುಷ್ಯ ನಿರೀಕ್ಷಿಸುತ್ತಾನೆ. ಹೋಲಿಕೆ ಸೋಲುವುದು ಇಲ್ಲಿಯೇ.

ವೆನಿಸ್ಸಿನ ಸಿಂಹದ ಬಾಯಿ

ಅದೇ ಇಟಲಿಯ ವೆನಿಸ್ ಗಣರಾಜ್ಯದಲ್ಲಿ ಇದಕ್ಕೆ ತದ್ವಿರುದ್ಧವಾದ ಏರ್ಪಾಡಿತ್ತು. ಅಲ್ಲಿ 1310ರಲ್ಲಿ, ಒಂದು ದಂಗೆಯ ಸಂಚು ಬಯಲಾದ ಮೇಲೆ, 'ಹತ್ತು ಮಂದಿಯ ಮಂಡಳಿ' ಎಂಬ ಸಂಸ್ಥೆ ಹುಟ್ಟಿತು. ಕಾಲಕ್ರಮದಲ್ಲಿ ಅರಮನೆಯ ಗೋಡೆಗಳಲ್ಲೂ ಊರಿನ ಇತರ ಕಡೆಗಳಲ್ಲೂ ಕಲ್ಲಿನ ಸಿಂಹಮುಖಗಳು ಕಾಣಿಸಿಕೊಂಡವು. ತೆರೆದ ಬಾಯಿಯಲ್ಲಿ ಸೀಳು, ಗೋಡೆಯ ಹಿಂದೆ ಬೀಗ ಹಾಕಿದ ಪೆಟ್ಟಿಗೆ. ತೆರಿಗೆ ತಪ್ಪಿಸಿದವರ ಮೇಲಿನ ದೂರಿಗೆ ಒಂದು ಬಾಯಿ, ಊರಿನ ನೈರ್ಮಲ್ಯ ಕೆಡಿಸಿದವರ ಮೇಲಿನ ದೂರಿಗೆ ಮತ್ತೊಂದು ಬಾಯಿ, ಹೀಗೆ ವಿಂಗಡಣೆ ಬೇರೆ.

ಇಲ್ಲಿ ಕಿವಿ ಚೆನ್ನಾಗಿಯೇ ಇತ್ತು. ಕಾಣದೆ ಹೋದದ್ದು ಮುಖ. ಯಾರು ದೂರಿದರು, ಏನೆಂದು ದೂರಿದರು ಎಂಬುದು ದೂರಿಗೆ ಗುರಿಯಾದವನಿಗೆ ತಿಳಿಯುತ್ತಿರಲಿಲ್ಲ. ವೆನಿಸ್ಸಿನವರು ಮೂರ್ಖರಲ್ಲ. ಸಹಿಯಿಲ್ಲದ ಪತ್ರವನ್ನು ಸುಲಭವಾಗಿ ನಂಬಬಾರದು, ಮಂಡಳಿಯ ಬಹುಪಾಲು ಸದಸ್ಯರು ಒಪ್ಪಿದ ಹೊರತು ಅದರ ಮೇಲೆ ವಿಚಾರಣೆ ಕೂಡದು ಎಂಬ ಕಟ್ಟಳೆಗಳನ್ನೂ ಮಾಡಿಕೊಂಡಿದ್ದರು. ಆದರೂ ಎಲ್ಲವೂ ಮುಚ್ಚಿದ ಬಾಗಿಲ ಹಿಂದೆ ನಡೆಯುತ್ತಿದ್ದುದರಿಂದ ಕಿವಿಮಾತಿಗೆ ಬಲ ಬಂದಿತು. ಲಂಡನ್ನಿನಲ್ಲಿ ರಾಯಭಾರಿಯಾಗಿದ್ದ ಅಂತೋನಿಯೋ ಫೋಸ್ಕರಿನಿ ಎಂಬ ಗಣ್ಯನನ್ನು, ಪರದೇಶದವರಿಗೆ ರಾಜ್ಯದ ಗುಟ್ಟು ಮಾರಿದನೆಂಬ ಗೂಢಚಾರರ ಮಾತು ನಂಬಿ, 1622ರಲ್ಲಿ ಕೊಲ್ಲಿಸಿದರು. ಆ ಮಾತು ಸುಳ್ಳೆಂದು ತಿಳಿದು ಅದೇ ಮಂಡಳಿ ಮರುವರ್ಷ ಅವನು ನಿರ್ದೋಷಿಯೆಂದು ಸಾರಿತು. ಸಾರಿ ಫಲವೇನು? ಹೋದ ಪ್ರಾಣ ಬರಲಿಲ್ಲ.

ದೂರು ಕೇಳಿಸಿಕೊಳ್ಳುವವರು ಇದ್ದಾರೆಂದ ಮಾತ್ರಕ್ಕೆ ಸಾಲದು, ದೂರಿಗೆ ಗುರಿಯಾದವನ ಮಾತನ್ನೂ ಕೇಳಬೇಕು ಎಂಬ ಪಾಠ ಇಲ್ಲಿದೆ. ನಮ್ಮ ಪುಸ್ತಕದಲ್ಲಿ ಮಗಳ ಹೆಸರು ಕಂಡು ಮನೆಯೊಳಗೆ ಕುಳಿತ ಆ ತಂದೆಯನ್ನು ಯಾರಾದರೂ ಏನಾದರೂ ಕೇಳಿದೆವೇ?

ಎಡೊ ನಗರದ ಪೆಟ್ಟಿಗೆ

ನಮ್ಮ ಮನಸ್ಸನ್ನು ಹೆಚ್ಚಾಗಿ ಹಿಡಿದದ್ದು ಜಪಾನಿನ ಒಂದು ಪ್ರಸಂಗ. ಇಂದಿನ ಟೋಕಿಯೋಗೆ ಅಂದು ಎಡೊ ಎಂದು ಹೆಸರು. 1716ರಲ್ಲಿ ಅಧಿಕಾರಕ್ಕೆ ಬಂದ ಎಂಟನೆಯ ಶೋಗುನ್ ತೊಕುಗಾವಾ ಯೊಶಿಮುನೆ 1721ರಲ್ಲಿ ನ್ಯಾಯಸ್ಥಾನದ ಕಟ್ಟಡದ ಮುಂದೆ ಒಂದು ಪೆಟ್ಟಿಗೆ ಇಡಿಸಿದನು. ಮೆಯಾಸುಬಾಕೊ ಎಂದು ಅದಕ್ಕೆ ಹೆಸರು. ತಿಂಗಳಿಗೆ ಮೂರು ದಿನ, 2, 11 ಮತ್ತು 21ನೆಯ ತಾರೀಕುಗಳಂದು, ಪೇಟೆಯ ಜನರೂ ರೈತರೂ ಅದರಲ್ಲಿ ತಮ್ಮ ಅರ್ಜಿ ಹಾಕಬಹುದಾಗಿತ್ತು.

ಅದರ ನಿಯಮಗಳನ್ನು ನೋಡಿದರೆ ಯಾವುದೇ ಕಚೇರಿಯ ಗುಮಾಸ್ತನಿಗೆ ಸಂತೋಷವಾದೀತು. ಆಡಳಿತಕ್ಕೆ ಉಪಯೋಗವಾಗುವ ಸಲಹೆ, ಅಧಿಕಾರಿಗಳ ಅಕ್ರಮ, ವಿಚಾರಣೆಯಿಲ್ಲದೆ ಕೊಳೆಯುತ್ತಿರುವ ವ್ಯಾಜ್ಯ, ಇವುಗಳ ಬಗ್ಗೆ ಬರೆಯಬಹುದು. ಸ್ವಂತ ಹಗೆ ತೀರಿಸಿಕೊಳ್ಳಲು ಇನ್ನೊಬ್ಬರ ಮೇಲೆ ಬರೆಯಕೂಡದು. ಹೆಸರು, ವಿಳಾಸ ಕಡ್ಡಾಯ. ಇಲ್ಲದಿದ್ದರೆ ಅರ್ಜಿಯನ್ನು ಸುಟ್ಟುಬಿಡುತ್ತಿದ್ದರು. ಇವೆಲ್ಲಕ್ಕಿಂತ ಮುಖ್ಯವಾದದ್ದು, ಪೆಟ್ಟಿಗೆಯ ಬೀಗದ ಕೈ ಶೋಗುನನ ಬಳಿಯೇ ಇತ್ತು. ಮಧ್ಯದ ಅಧಿಕಾರಿಗಳು ತೆರೆದು ತಮಗೆ ಬೇಡವಾದದ್ದನ್ನು ಎತ್ತಿಡುವಂತಿರಲಿಲ್ಲ.

ಪೆಟ್ಟಿಗೆಯಿಟ್ಟ ವರ್ಷವೇ ಯಾಮಾಶಿತಾ ಕೋನಾಯ್ ಎಂಬ, ಒಡೆಯನಿಲ್ಲದ ಸಮುರಾಯ್ ಒಬ್ಬನು ಅರ್ಜಿ ಹಾಕಿದನು. ಯೊಶಿಮುನೆಯ ಮಿತವ್ಯಯದ ನೀತಿಯಿಂದ ವ್ಯಾಪಾರ ಕುಗ್ಗಿ ಜನ ಕಷ್ಟಕ್ಕೆ ಸಿಕ್ಕಿದ್ದಾರೆಂದು ಶೋಗುನನನ್ನೇ ನೇರವಾಗಿ ಟೀಕಿಸಿದ ಅರ್ಜಿ ಅದು. ಯೊಶಿಮುನೆ ತನ್ನ ನೀತಿಯನ್ನು ಬಿಡಲಿಲ್ಲ. ಆದರೆ ಬರೆದವನನ್ನು ಶಿಕ್ಷಿಸುವ ಬದಲು ಅವನ ಧೈರ್ಯವನ್ನು ಮೆಚ್ಚಿದನು. ಇದರ ಸುದ್ದಿ ಹರಡಿದ ಮೇಲೆ ಜನಕ್ಕೆ ಪೆಟ್ಟಿಗೆಯ ಮೇಲೆ ನಂಬಿಕೆ ಬಂದಿರಬೇಕೆಂದು ನಾವು ಊಹಿಸುತ್ತೇವೆ.

1722ರಲ್ಲಿ ಒಗಾವಾ ಶೋಸೆನ್ ಎಂಬ ವೈದ್ಯನ ಅರ್ಜಿ ಬಂದಿತು. ದಿಕ್ಕಿಲ್ಲದ ಬಡ ರೋಗಿಗಳಿಗೆ ಔಷಧ ಕೊಟ್ಟು ನೋಡಿಕೊಳ್ಳುವ ಮನೆ ಬೇಕೆಂಬುದು ಅದರ ಬೇಡಿಕೆ. ಅದೇ ವರ್ಷದ ಕೊನೆಗೆ ಕೊಯಿಶಿಕಾವಾ ಎಂಬಲ್ಲಿನ ಸರ್ಕಾರಿ ಮೂಲಿಕೆಯ ತೋಟದಲ್ಲಿ, ಮೊದಲಿಗೆ 40 ರೋಗಿಗಳಿಗೆ ಸ್ಥಳವಿದ್ದ ಧರ್ಮಾಸ್ಪತ್ರೆ ತೆರೆಯಿತು. ಶೋಗುನರ ಆಳ್ವಿಕೆ ಮುಗಿಯುವ ತನಕ, ಸುಮಾರು 140 ವರ್ಷ, ಅದು ನಡೆಯಿತು. ಆ ತೋಟ ಈಗ ಟೋಕಿಯೋ ವಿಶ್ವವಿದ್ಯಾಲಯದ ಸಸ್ಯೋದ್ಯಾನವಾಗಿದೆ. ಆಸ್ಪತ್ರೆಯ ಹಳೆಯ ಬಾವಿ ಇಂದಿಗೂ ಅಲ್ಲಿದೆ.

ಹಾಗೆಂದು ಯೊಶಿಮುನೆಯನ್ನು ದೇವರೆಂದು ಪೂಜಿಸಬೇಕಾಗಿಲ್ಲ. ಅದೇ 1722ರಲ್ಲಿ ಅವನ ಸರ್ಕಾರ ಪುಸ್ತಕ ಪ್ರಕಟಣೆಯ ಮೇಲೆ ಬಿಗಿಯಾದ ನಿರ್ಬಂಧ ಹಾಕಿತು. ಶೋಗುನನ ಮನೆತನದ ವಿಷಯ ಅಚ್ಚಾಗಕೂಡದು, ಪುಸ್ತಕದಲ್ಲಿ ಬರೆದವನ ಮತ್ತು ಪ್ರಕಟಿಸಿದವನ ಹೆಸರಿರಬೇಕು ಎಂದು ವಿಧಿಸಿತು. ತನ್ನ ಕಿವಿಯಲ್ಲಿ ಹೇಳಿದರೆ ಕೇಳುವೆ, ಬೀದಿಯಲ್ಲಿ ಹೇಳಿದರೆ ಸಹಿಸೆ ಎಂಬಂತಿತ್ತು ಅವನ ಧೋರಣೆ.

ಮೈಸೂರಿನ ದಸರೆಯ ಸಭೆ

ಇದನ್ನು ಓದುವಾಗ ನಮಗೆ ನಮ್ಮ ಮೈಸೂರು ನೆನಪಾಯಿತು. 1881ರ ಮಾರ್ಚಿನಲ್ಲಿ ರಾಜ್ಯ ಬ್ರಿಟಿಷರ ಕೈಯಿಂದ ಮರಳಿ ಚಾಮರಾಜ ಒಡೆಯರಿಗೆ ಬಂದಿತು. ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, ಅದೇ ವರ್ಷದ ಅಕ್ಟೋಬರ್ 7ರಂದು, ದಸರೆಯ ಸಂದರ್ಭಕ್ಕೆ ಹೊಂದಿಕೊಂಡಂತೆ, ಪ್ರಜಾಪ್ರತಿನಿಧಿ ಸಭೆ ಮೊದಲ ಸಲ ಸೇರಿತು. ಸದಸ್ಯರು 144 ಮಂದಿ. ದಿವಾನರು ರಾಜ್ಯದ ಆಡಳಿತದ ವರದಿ ಒಪ್ಪಿಸುವುದು, ಬಂದವರು ತಮ್ಮ ಸೀಮೆಯ ಕುಂದುಕೊರತೆ ಹೇಳಿಕೊಳ್ಳುವುದು, ಅದಕ್ಕೆ ಸರ್ಕಾರ ಸಮಾಧಾನ ಹೇಳುವುದು, ಇದು ಅದರ ಕ್ರಮ.

ಸಭೆಗೆ ಅಧಿಕಾರವಿರಲಿಲ್ಲ. ಕಾನೂನು ಮಾಡುವಂತಿರಲಿಲ್ಲ, ಸರ್ಕಾರವನ್ನು ಬಗ್ಗಿಸುವಂತಿರಲಿಲ್ಲ. ಮೊದಮೊದಲ ಸದಸ್ಯರು ಸರ್ಕಾರ ಆರಿಸಿದವರೇ. ಚುನಾವಣೆ ಬಂದದ್ದು 1891ರಲ್ಲಿ, ಶೇಷಾದ್ರಿ ಅಯ್ಯರ್ ಅವರು ದಿವಾನರಾಗಿದ್ದಾಗ. ಹೀಗೆ ಲೆಕ್ಕ ಹಾಕಿದರೆ ಅದು ಬರೀ ಅಳಲು ತೋಡಿಕೊಳ್ಳುವ ಸಭೆ ಎನ್ನಬಹುದು. ಆದರೆ ರೋಮಿನ ಕಲ್ಲಿಗಿಲ್ಲದ ಕಿವಿ ಇದಕ್ಕಿತ್ತು, ವೆನಿಸ್ಸಿನ ಪೆಟ್ಟಿಗೆಯಲ್ಲಿ ಕಾಣದ ಮುಖ ಇಲ್ಲಿ ಕಾಣುತ್ತಿತ್ತು. ತಾಲ್ಲೂಕಿನಿಂದ ಬಂದವನು ರಾಜ್ಯದ ದಿವಾನರ ಎದುರಿಗೆ ನಿಂತು ನಮ್ಮ ಕಡೆ ಹೀಗಾಗಿದೆ ಸ್ವಾಮಿ ಎನ್ನಬಹುದಾಗಿತ್ತು. 1923ರ ಸುಧಾರಣೆಯಲ್ಲಿ ಸಭೆಗೆ ಶಾಸನದ ಆಧಾರವೇ ದೊರೆಯಿತು. ಹೀಗೆ ಅಳಲಿನಿಂದ ಆರಂಭವಾದದ್ದು ಹಕ್ಕಿನ ಕಡೆಗೆ ನಡೆಯಿತು.

ಆದರೂ ಇಲ್ಲಿಯೂ ಎಡೊ ನಗರದ್ದೇ ಕಥೆ. ದಸರೆಯಲ್ಲಿ ಪ್ರಜೆಗಳ ಮಾತು ಕೇಳುತ್ತಿದ್ದ ಸರ್ಕಾರವೇ 1908ರಲ್ಲಿ, ವಿ. ಪಿ. ಮಾಧವರಾಯರು ದಿವಾನರಾಗಿದ್ದಾಗ, ಪತ್ರಿಕೆಗಳಿಗೆ ಮೂಗುದಾರ ಹಾಕುವ ಕಾನೂನು ತಂದಿತು. 'ತಾತಯ್ಯ' ಎಂದು ಮೈಸೂರಿನವರೆಲ್ಲ ಗೌರವಿಸುತ್ತಿದ್ದ ಎಂ. ವೆಂಕಟಕೃಷ್ಣಯ್ಯನವರು ಅದನ್ನು ಪ್ರತಿಭಟಿಸಿದರು. ದೂರು ಕೇಳುವ ಮನಸ್ಸು ಎಷ್ಟೇ ದೊಡ್ಡದಾಗಿರಲಿ, ದೂರು ತನ್ನ ಮೇಲೆಯೇ ಬಂದಾಗ ಅದು ಚಿಕ್ಕದಾಗಿಬಿಡುತ್ತದೆ. ದೊರೆಗಳಿಗಾಗಲಿ ದಿವಾನರಿಗಾಗಲಿ ಇದು ತಪ್ಪಿದ್ದಲ್ಲ.

ನಮ್ಮ ತಪ್ಪು

ದೊರೆಗಳ ಮಾತು ಹಾಗಿರಲಿ. ಈಗ ನಮ್ಮದನ್ನು ಹೇಳಬೇಕು. ಆ ಪುಸ್ತಕದಲ್ಲಿ ಮಗಳ ಮದುವೆಯ ಬಗ್ಗೆ ಬರೆದ ಹೊಲಸು ಸಾಲು ಹನ್ನೊಂದು ದಿನ ಹಾಗೆಯೇ ಇತ್ತು. ಯಾರೋ ಒಬ್ಬರು ತೆಗೆಯುತ್ತಾರೆಂದು ಎಲ್ಲರೂ ಸುಮ್ಮನಿದ್ದೆವು. ಆದರೆ ಶಾಮಿಯಾನದ ಖರ್ಚಿನ ಪ್ರಶ್ನೆಯ ಮೇಲೆ ಅದು ಕಂಡ ಸಂಜೆಯೇ ಬಿಳಿ ಕಾಗದ ಬಿತ್ತು. ಅಂಟಿಸಿದವರು ನಾವೇ. ಸಹಿಯಿಲ್ಲ, ಸಮಿತಿಯ ಮರ್ಯಾದೆಯ ಪ್ರಶ್ನೆ ಎಂದು ಕಾರಣ ಹೇಳಿಕೊಂಡೆವು. ಎರಡು ತಿಂಗಳ ಮೇಲೆ ಲೆಕ್ಕ ತಾಳೆ ನೋಡುವಾಗ ಆ ಬಿಲ್ಲು ನಿಜವಾಗಿಯೂ ಎರಡು ಸಲ ದಾಖಲಾಗಿತ್ತು. ಕೈತಪ್ಪಿನಿಂದಾದದ್ದು, ಯಾರೂ ಹಣ ತಿಂದಿರಲಿಲ್ಲ. ಆದರೂ ಕೇಳಿದವರು ಸರಿಯಾದದ್ದನ್ನೇ ಕೇಳಿದ್ದರು, ನಾವು ಅವರ ಬಾಯಿ ಮುಚ್ಚಿದ್ದೆವು. ಬೇರೊಬ್ಬರ ಮನೆಯ ಮಾನ ಹೋಗುವಾಗ ಹನ್ನೊಂದು ದಿನ, ನಮ್ಮ ಮಾನ ಹೋಗುವಾಗ ಒಂದೇ ಸಂಜೆ. ಈ ಲೆಕ್ಕ ನಮ್ಮನ್ನು ಈಗಲೂ ಚುಚ್ಚುತ್ತದೆ.

ಹಾಗಾದರೆ ಎಲ್ಲರೂ ಸಹಿ ಹಾಕಲಿ ಎನ್ನೋಣವೇ? ಕಚೇರಿಯ ಭಾಷೆಯಲ್ಲಿ ಸಹಿಯಿಲ್ಲದ ದೂರಿಗೆ ಮೂಗರ್ಜಿ ಎನ್ನುತ್ತೇವೆ. ಮೂಗರ್ಜಿಗಳ ಮೇಲೆ ಯಾವ ಕ್ರಮವನ್ನೂ ಕೈಗೊಳ್ಳಬಾರದೆಂದು ಕೇಂದ್ರ ಜಾಗೃತ ಆಯೋಗ 1999ರಲ್ಲಿ ಸುತ್ತೋಲೆ ಹೊರಡಿಸಿತು. ಪ್ರಾಮಾಣಿಕ ನೌಕರರನ್ನು ಕಿರುಕುಳದಿಂದ ಉಳಿಸಲು ಅದು ಬೇಕಿತ್ತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಹೆಸರು ಬರೆದವನ ಗತಿಯೇನು? ಹೆದ್ದಾರಿ ಕಾಮಗಾರಿಯ ಅಕ್ರಮಗಳ ಬಗ್ಗೆ ಎಂಜಿನಿಯರ್ ಸತ್ಯೇಂದ್ರ ದುಬೆ 2002ರಲ್ಲಿ ತಮ್ಮ ಹೆಸರನ್ನು ಗುಟ್ಟಾಗಿಡಬೇಕೆಂದು ಕೋರಿ ದೆಹಲಿಗೆ ಪತ್ರ ಬರೆದರು. ಪತ್ರ ಹೆಸರಿನೊಂದಿಗೇ ಮೇಜಿನಿಂದ ಮೇಜಿಗೆ ಹೋಯಿತು. 2003ರ ನವೆಂಬರಿನಲ್ಲಿ ಅವರು ಗಯಾದಲ್ಲಿ ಕೊಲೆಯಾದರು. ದರೋಡೆಗಾಗಿ ನಡೆದ ಕೊಲೆಯೆಂದು ತನಿಖೆ ಹೇಳಿತು, 2010ರಲ್ಲಿ ಮೂವರಿಗೆ ಶಿಕ್ಷೆಯೂ ಆಯಿತು. ಏನೇ ಇರಲಿ, ಗುಟ್ಟಾಗಿಡಿ ಎಂದ ಹೆಸರು ಗುಟ್ಟಾಗಿ ಉಳಿಯಲಿಲ್ಲವೆಂಬುದು ದೇಶವನ್ನು ಕಲಕಿತು. 2004ರಲ್ಲಿ ಕೇಂದ್ರ ಸರ್ಕಾರ ಒಂದು ನಿರ್ಣಯ ಹೊರಡಿಸಿ, ದೂರು ಕೊಟ್ಟವರ ಹೆಸರು ಜಾಗೃತ ಆಯೋಗಕ್ಕೆ ಗೊತ್ತಿರಬೇಕು, ಆದರೆ ಆಯೋಗ ಅದನ್ನು ಹೊರಗೆಡಹಬಾರದು ಎಂಬ ಮಧ್ಯದ ದಾರಿ ಹಿಡಿಯಿತು.

ದೂರಿಗೆ ಆ ದಾರಿ ಸರಿ. ಅಳಲಿಗೆ ಅದೂ ಭಾರವೇ. ಯೊಶಿಮುನೆಯ ನಿಯಮ ನಮ್ಮಲ್ಲಿ ಇದ್ದಿದ್ದರೆ ನಡುಗುವ ಕೈಯ ಆ ಒಂದು ವಾಕ್ಯ ಬೆಂಕಿಗೆ ಹೋಗುತ್ತಿತ್ತು. ಮಗ-ಸೊಸೆಯ ಮೇಲೆ ದೂರು ಹೇಳಿದಂತಾದೀತೆಂದು ಅವರು ಎಂದೂ ಸಹಿ ಹಾಕುತ್ತಿರಲಿಲ್ಲ. ಆ ವಾಕ್ಯ ಓದಿದ ಮೇಲೆಯೇ ನಮ್ಮ ಮಹಿಳಾ ವಿಭಾಗದವರು ಗುರುವಾರ ಮಧ್ಯಾಹ್ನ ಹಿರಿಯರ ಹರಟೆಯ ಕೂಟ ಆರಂಭಿಸಿದ್ದು. ಬರೆದವರು ಯಾರೆಂದು ನಾವು ಕೇಳಿಲ್ಲ. ಗುರುವಾರ ಬರುವವರಲ್ಲಿ ಅವರೂ ಇರಬಹುದು.

ಇಷ್ಟನ್ನೆಲ್ಲ ಯೋಚಿಸಿ ಬರೆದ ನಮ್ಮ ಕರಡು ಚಿಕ್ಕದು. ತನ್ನ ಸಂಕಟ ಬರೆಯುವವರಿಗೆ ಸಹಿ ಬೇಡ, ತಿದ್ದುಪಡಿಯೂ ಬೇಡ. ಬರಹ ಕಟುವಾಗಿದ್ದರೂ ಇರಲಿ. ಇನ್ನೊಂದು ಮನೆಯವರನ್ನು ಗುರುತಾಗುವಂತೆ ಹಳಿದ ಸಾಲನ್ನು ಕಂಡ ದಿನವೇ ಮುಚ್ಚಬೇಕು. ಆದರೆ ಹರಿಯಬಾರದು, ಮುಚ್ಚಿದವರು ಪಕ್ಕದಲ್ಲಿ ಕಾರಣ ಬರೆದು ತಮ್ಮ ಸಹಿ ಹಾಕಬೇಕು, ಆ ಮನೆಯವರನ್ನು ಸಮಿತಿಯವರು ಹೋಗಿ ಕಾಣಬೇಕು. ಸಮಿತಿಯ ಮೇಲಿನ ಮಾತನ್ನು ಸಮಿತಿ ಮುಚ್ಚುವಂತಿಲ್ಲ, ಮುಂದಿನ ತಿಂಗಳ ಸಂಚಿಕೆಯಲ್ಲಿ ಉತ್ತರಿಸಬೇಕು. ಮುಚ್ಚುವ ಅಧಿಕಾರ ಮೂವರಿಗಿರಲಿ, ಅವರಲ್ಲಿ ಇಬ್ಬರು ಸಮಿತಿಯ ಹೊರಗಿನವರಾಗಿರಲಿ, ವರ್ಷಕ್ಕೊಮ್ಮೆ ಬದಲಾಗಲಿ. ಯೊಶಿಮುನೆ ಬೀಗದ ಕೈಯನ್ನು ತಾನೇ ಇಟ್ಟುಕೊಂಡನು. ನಮ್ಮಂಥವರು ಅದನ್ನು ನಮ್ಮ ಬಳಿ ಇಟ್ಟುಕೊಳ್ಳದಿರುವುದೇ ಮೇಲು.

ಕಳೆದ ಭಾನುವಾರ ಆ ಕುಟುಂಬದ ಮನೆಗೆ ಹೋಗಿ ಬಂದೆವು. ಕಾಫಿ ಕೊಟ್ಟರು, ಮಾತು ಹೆಚ್ಚು ಆಡಲಿಲ್ಲ. ಸಂಘಕ್ಕೆ ಬರುತ್ತೇವೆಂದೂ ಹೇಳಲಿಲ್ಲ. ಶಾಮಿಯಾನದ ಪ್ರಶ್ನೆಯ ಮೇಲಿನ ಬಿಳಿ ಕಾಗದವನ್ನು ನಾವೇ ಕಿತ್ತಿದ್ದೇವೆ. ಕೆಳಗಿನ ಅಕ್ಷರ ಸ್ವಲ್ಪ ಅಳಿಸಿದೆ, ಆದರೂ ಓದಬಹುದು. ಕರಡು ಮುಂದಿನ ವಾರ್ಷಿಕ ಸಭೆಯ ಮುಂದೆ ಬರಲಿದೆ. ಸದಸ್ಯರು ದಯವಿಟ್ಟು ಬಂದು ತಮ್ಮ ಅಭಿಪ್ರಾಯ ತಿಳಿಸಬೇಕು. ಬರಲಾಗದವರು ಪುಸ್ತಕದಲ್ಲಿ ಬರೆಯಲಿ. ಸಹಿ ಅವರವರ ಇಷ್ಟ.